ಗೂಡು ಕೀಳುವವನು

ಲತಾಮಣಿ ಟ್ರಂಕಿನ ತಳದಿಂದ ಧಾರೆ ಸೀರೆಯನ್ನು ಎಳೆದು ಕೊಡವಿದಳು. ಅದು ಸೀರೆಯಂತೆ ಬಿಚ್ಚಿಕೊಳ್ಳಲಿಲ್ಲ. ಮಡಿಕೆಗಳ ನಡುವಿನಿಂದ ಕೆಂಪು ರೇಷ್ಮೆ ಎಳೆಗಳ ಸಿಕ್ಕೊಂದು ಜಾರಿ ಅವಳ ಪಾದದ ಮೇಲೆ ಬಿತ್ತು. ಕೈಯಲ್ಲಿ ಉಳಿದದ್ದು ಎರಡು ಮೊಳದಷ್ಟು ಬಟ್ಟೆ. ಸೆರಗು ಇರಲಿಲ್ಲ. ಒಂದು ಕಡೆಯ ಜರಿಯಂಚೂ ಇರಲಿಲ್ಲ.

ಹೊರಗೆ ಅಂಗಳದಲ್ಲಿ ಕೆಂಚಮ್ಮನ ದೇಹಕ್ಕೆ ನೀರು ಹಾಕಿ ಆಗಿತ್ತು. ಹೆಂಗಸರು ಸುತ್ತ ಹಳೆಯ ಸೀರೆ ಅಡ್ಡ ಹಿಡಿದು, ಉಡಿಸುವ ಸೀರೆಗಾಗಿ ಕಾಯುತ್ತಿದ್ದರು.

"ಬೇಗ ತತ್ತಾರವ್ವ, ಬಿಸ್ಲು ಏರ್ತಾ ಐತೆ" ಎಂದು ಪಕ್ಕದ ಮನೆಯ ವರಲಕ್ಷ್ಮಮ್ಮ ಕೂಗಿದಳು.

ಲತಾಮಣಿ ಸತ್ತವಳ ತಮ್ಮನ ಹೆಂಡತಿ. ಸುದ್ದಿ ತಿಳಿದದ್ದೇ ಗಂಡನ ಜೊತೆ ಕನಕಪುರದಿಂದ ಕೈಲಾಂಚಕ್ಕೆ ಓಡಿ ಬಂದಿದ್ದಳು. ಬಾಗಿಲಿಗೆ ಒರಗಿ ನಿಂತಿದ್ದ ರಾಮಲಿಂಗಯ್ಯನ ಮುಖ ನೋಡಿ ಕೇಳಿದಳು:

"ಇದೇನಣ್ಣ ಇದು? ಇಲಿ ಕಡ್ದಿರೋ ಹಂಗೂ ಇಲ್ಲ. ಯಾರೋ ಕೂತ್ಕಂಡು ಒಂದೊಂದೇ ಎಳೆ ಬಿಡಿಸ್ದಂಗೈತೆ."

ರಾಮಲಿಂಗಯ್ಯ ಅವಳ ಪಾದದ ಮೇಲಿನ ಕೆಂಪು ಸಿಕ್ಕನ್ನು ನೋಡುತ್ತ ನಿಂತ. ಹೆಂಡತಿ ತೀರಿಕೊಂಡಾಗಿನಿಂದ ಅವನು ಮಾತಾಡಿದ್ದೇ ಕಡಿಮೆ. ಕೇಳಿದವರಿಗೆಲ್ಲ, ರಾಗಿ ಅಂಬಲಿ ಕುಡಿದು ಮಲಗಿದವಳು ಏಳಲಿಲ್ಲ ಎಂದಷ್ಟೇ ಹೇಳಿದ್ದ.

ತಡವಾಯಿತೆಂದು ನಾಗರಾಜು ಒಳಗೆ ಬಂದ. ಹೆಂಡತಿಯ ಕೈಯಲ್ಲಿದ್ದುದನ್ನು ಕಂಡು ಅವನ ಮುಖ ಕಪ್ಪಿಟ್ಟಿತು.

"ಅಕ್ಕನ ಧಾರೆ ಸೀರೆ ಅಲ್ವಾ ಇದು? ಅಪ್ಪ ರೇಷ್ಮೆ ಹುಳ ಸಾಕಿ, ರಾಮನಗರದ ಮಾರ್ಕೆಟ್‌ಗೆ ಗೂಡು ಹಾಕಿ ಬಂದಿದ್ ದುಡ್ನಲ್ಲಿ ತಂದಿದ್ದು. ಹೋಗೋವಾಗ ಇದ್ನೇ ಉಡ್ಸಿ ಅಂತ ಅಕ್ಕ ನಿನ್ ತಾವೇ ಹೇಳಿರ್ಲಿಲ್ವಾ?"

"ಹೇಳಿದ್ರು" ಎಂದಳು ಲತಾಮಣಿ.

"ಭಾವ, ಏನಾಯ್ತು ಇದ್ಕೆ?"

"ಕಾಗೆ ತಗೊಂಡೋದ್ವು" ಎಂದ ರಾಮಲಿಂಗಯ್ಯ.

ನಾಗರಾಜು ಅವನನ್ನೇ ದಿಟ್ಟಿಸಿದ. ದುಃಖದಲ್ಲಿ ತಲೆ ಕೆಟ್ಟಿದೆಯೋ, ಇಲ್ಲ ಏನಾದರೂ ಮುಚ್ಚಿಡುತ್ತಿದ್ದಾನೋ ತಿಳಿಯಲಿಲ್ಲ. "ಕಾಗೆ ಟ್ರಂಕಿನ ಬೀಗ ತೆಗೀತಾವಾ ಭಾವ?"

"ಬೀಗ ನಾನೇ ತೆಗ್ದು ಕೊಟ್ಟಿದ್ದು."

ಹೊರಗಿನಿಂದ ವರಲಕ್ಷ್ಮಮ್ಮ ಮತ್ತೆ ಕೂಗಿದಳು. ನಾಗರಾಜು ತವರಿನ ಕಡೆಯಿಂದ ತಂದಿದ್ದ ಹೊಸ ಹಸಿರು ಸೀರೆಯನ್ನು ಚೀಲದಿಂದ ತೆಗೆದು ಹೆಂಡತಿಯ ಕೈಗಿಟ್ಟ. ಅವಳು ಅದನ್ನು ತೆಗೆದುಕೊಂಡು ಹೋದಳು. ಕೆಂಪು ಚೂರನ್ನು ಮಾತ್ರ ಏನು ಮಾಡುವುದೋ ತಿಳಿಯದೆ, ಮಡಿಸಿ, ಸತ್ತವಳ ತಲೆಯ ಕೆಳಗೆ ಇಟ್ಟಳು.

*

ಕೆಂಚಮ್ಮನಿಗೆ ಮರೆವು ಸದ್ದಿಲ್ಲದೆ ಬಂದಿತ್ತು. ಮೊದಮೊದಲು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಆಮೇಲೆ ಹಾಕಿದ್ದನ್ನೇ ಮರೆತು ಮತ್ತೆ ಮತ್ತೆ ಹಾಕಿದಳು. ಒಂದು ದಿನ ಬಸ್ ಸ್ಟಾಪಿನಲ್ಲಿ ನಿಂತು, ಉಯ್ಯಂಬಳ್ಳಿ ಬಸ್ಸು ಎಷ್ಟೊತ್ತಿಗೆ ಎಂದು ಕಂಡಕಂಡವರನ್ನೆಲ್ಲ ಕೇಳುತ್ತಿದ್ದಳಂತೆ. ಯಾರೋ ಬೈಕಿನಲ್ಲಿ ಕೂರಿಸಿಕೊಂಡು ಬಂದು ಮನೆಗೆ ಬಿಟ್ಟರು. ರಾಮನಗರದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ಏರುವ ಕಾಯಿಲೆಯೇ ಹೊರತು ಇಳಿಯುವ ಕಾಯಿಲೆಯಲ್ಲ ಎಂದರು.

ರಾಮಲಿಂಗಯ್ಯ ಅಡಿಗೆ ಕಲಿತ. ಮುದ್ದೆ ಗಂಟಾಗದಂತೆ ತೊಳಸುವುದನ್ನು ವರಲಕ್ಷ್ಮಮ್ಮ ಹೇಳಿಕೊಟ್ಟಳು. ಹೆಂಡತಿಗೆ ನೀರು ಹಾಕಿದ, ಜಡೆ ಹೆಣೆದ, ರವಿಕೆಯ ಗುಂಡಿ ಹಾಕಿದ. ಕೆಂಚಮ್ಮ ಬೊಂಬೆಯಂತೆ ಕೂತು ಮಾಡಿಸಿಕೊಳ್ಳುತ್ತಿದ್ದಳು. ಆದರೆ ಹೊತ್ತು ಇಳಿದರೆ ಸಾಕು, ಎದ್ದು ಗೇಟಿನ ಕಡೆ ನಡೆಯುತ್ತಿದ್ದಳು. ಹಿಡಿದು ನಿಲ್ಲಿಸಿದರೆ ಕಿರುಚುತ್ತಿದ್ದಳು.

ಅವಳನ್ನು ಮನೆಯಲ್ಲಿ ನಿಲ್ಲಿಸಿದವು ಕಾಗೆಗಳೇ.

ಹಿತ್ತಿಲಲ್ಲಿ ಒಂದು ತೆಂಗು, ಒಂದು ನುಗ್ಗೆ, ನಾಲ್ಕು ಮೆಣಸಿನ ಗಿಡ, ಒಂದು ಕರಿಬೇವು. ಗೋಡೆಯ ಬುಡದಲ್ಲಿ, ರೇಷ್ಮೆ ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನು ವರಲಕ್ಷ್ಮಮ್ಮ ತಂದು ರಾಶಿ ಹಾಕಿದ್ದಳು, ಒಲೆಗಾಗುತ್ತದೆ ಎಂದು. ಯುಗಾದಿ ಹತ್ತಿರವಾದಂತೆ ಕಾಗೆಗಳು ಆ ರಾಶಿಗೆ ಇಳಿಯತೊಡಗಿದವು. ಒಂದು ಕಡ್ಡಿ ಎತ್ತುವವು, ಉದ್ದವಾಯಿತೆಂದು ಬಿಸಾಡುವವು, ಇನ್ನೊಂದು ಎತ್ತುವವು. ತೆಂಗಿನ ಸಿಪ್ಪೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೊಕ್ಕಿನಲ್ಲಿ ನಾರು ಜಗ್ಗುವವು. ಕೆಂಚಮ್ಮ ಕಟ್ಟೆಯ ಮೇಲೆ ಕೂತು ಎವೆಯಿಕ್ಕದೆ ನೋಡುತ್ತಿದ್ದಳು.

ಒಂದು ದಿನ ತಾನೇ ಸಿಪ್ಪೆ ತೆಗೆದುಕೊಂಡು ನಾರು ಬಿಡಿಸಿ, ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಕಾಗೆ ಬಂದು ಕಚ್ಚಿಕೊಂಡು ಹೋಯಿತು. ಅವಳು ನಕ್ಕಳು. ಅವಳು ನಗುವುದನ್ನು ರಾಮಲಿಂಗಯ್ಯ ಕಂಡು ಬಹಳ ಕಾಲವಾಗಿತ್ತು.

ನಾರು ಮುಗಿದ ಮೇಲೆ ಪೊರಕೆಯ ಕಡ್ಡಿ ಕಿತ್ತುಕೊಟ್ಟಳು. ಚಾಪೆಯ ದಾರ ಬಿಚ್ಚಿದಳು. ಅವನ ಹಳೆಯ ಖಾಕಿ ಅಂಗಿಯ ಹೊಲಿಗೆ ಬಿಡಿಸಿದಳು. ಮುಂದಿನ ವರ್ಷ ಕಾಗೆಗಳು ಮತ್ತೆ ಬಂದಾಗ ಟ್ರಂಕಿನ ಮುಂದೆ ಕೂತು, ಬೀಗ ಜಗ್ಗಿ, ಮಗುವಿನಂತೆ ಅತ್ತಳು. "ಮೆತ್ತಗಿರೋದ್ ಬೇಕು. ಮರಿಗೆ ಚುಚ್ತದೆ" ಎಂದಳು. ಅವನು ಅವಳನ್ನೂ ಟ್ರಂಕನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಬೀಗದ ಕೈ ತಂದು ತೆಗೆದುಕೊಟ್ಟ. ಆವತ್ತು ಹೊತ್ತು ಮುಳುಗುವವರೆಗೂ ಅವಳು ಗೇಟಿನ ಕಡೆ ಹೋಗಲಿಲ್ಲ. ಕೈತುತ್ತು ಕೊಡುವ ಮೊದಲೇ ತಾನಾಗಿ ಉಂಡಳು.

ಕಾಗೆಗಳು ಅವಳಿಗೆ ಹೆದರುತ್ತಿರಲಿಲ್ಲ. ಮೊಣಕಾಲಿನ ಹತ್ತಿರವೇ ಕುಪ್ಪಳಿಸುತ್ತ ಓಡಾಡುತ್ತಿದ್ದವು. ರಾಮಲಿಂಗಯ್ಯ ಹಿತ್ತಿಲ ಬಾಗಿಲಿಗೆ ಬಂದರೆ ಮಾತ್ರ ಒಟ್ಟಿಗೇ ಎದ್ದು ಹೋಗುತ್ತಿದ್ದವು. ಅವನು ಒಳಗೆ ಹೋಗುವವರೆಗೂ ಗೋಡೆಯ ಮೇಲೆ ಕೂತು ಕೂಗುತ್ತಿದ್ದವು.

*

ಶಾಮಿಯಾನದ ಕೆಳಗೆ ಗಂಡಸರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ತಮಟೆಯವರು ತಮಟೆ ಕಾಯಿಸಲು ಹುಲ್ಲು ಹೊತ್ತಿಸುತ್ತಿದ್ದರು. ನಾಗರಾಜು ಭಾವನ ಪಕ್ಕದಲ್ಲಿದ್ದರೂ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದ.

ಪೀರ್ ಸಾಬ್ ಕನಕಪುರದಿಂದ ಬಸ್ಸಿಳಿದು ಬಂದರು. ರಾಮಲಿಂಗಯ್ಯನ ಜೊತೆ ಲೈನ್‌ಮನ್ ಆಗಿ ಒಂದೇ ಸೆಕ್ಷನ್ನಿನಲ್ಲಿ ದುಡಿದವರು ಅವರು, ಈಗ ಇಬ್ಬರಿಗೂ ರಿಟೈರ್ ಆಗಿದೆ. ಸತ್ತವಳ ಕಾಲಿನ ಬಳಿ ಹೂವಿಟ್ಟು ಬಂದು ಗೆಳೆಯನ ಕೈ ಹಿಡಿದು ಕೂತರು. ಆಮೇಲೆ ತಾವೇ ಮಾತು ತೆಗೆದರು.

"ಉಯ್ಯಂಬಳ್ಳೀಲಿ ನಿಮ್ಮಕ್ಕ ಕೊಟ್ಟಿರೋ ಅನ್ನ ಎಷ್ಟು ತಿಂದಿದೀನೋ ಅಲ್ಲಾಗೇ ಗೊತ್ತು" ಎಂದರು ನಾಗರಾಜುವಿಗೆ. "ನಿಮ್ಮ ಭಾವಾನೂ ಅಂಥೋರೇ. ಈ ಸೀಜನ್ ಬಂದ್ರೆ ನಮಗೆ ಬರೀ ಕಾಗೆ ಕಾಟ. ತಂತಿ ಚೂರು, ಬೈಂಡಿಂಗ್ ವೈರು ತಂದು ಕಂಬದ ಮೇಲೆ ಗೂಡು ಕಟ್ಟೋವು. ನಾಲ್ಕು ಹನಿ ಬಿತ್ತು ಅಂದ್ರೆ ಲೈನ್ ಟ್ರಿಪ್ಪು. ನೀರಿಲ್ಲ, ದೀಪ ಇಲ್ಲ, ಊರೋರು ಆಫೀಸ್ ಮುಂದೆ ಜಮಾಯಿಸೋರು. ನಮಗ್ಯಾರಿಗೂ ಹತ್ತೋಕೆ ಮನಸಿಲ್ಲ. ಮರಿ ಇದ್ದಾವೆ, ಗುನಾ, ಪಾಪ ತಟ್ತದೆ ಅಂತ. ಇವ್ರೇ ಹತ್ತೋರು. ತಲೆ ಕುಕ್ಕಿ ರಕ್ತ ಬಂದ್ರೂ ಗೂಡು ಕೀಳದೆ ಇಳೀತಿರ್ಲಿಲ್ಲ."

"ಸಾಕು ಬುಡಿ ಪೀರ್ ಸಾಬ್ರೇ" ಎಂದ ರಾಮಲಿಂಗಯ್ಯ.

"ಒಳ್ಳೇದೇ ಹೇಳ್ತಿರೋದು ಕಣಣ್ಣ. ಯಾರಾದ್ರೂ ಮಾಡ್ಲೇಬೇಕಿತ್ತಲ್ಲ."

ಕುರ್ಚಿಯಲ್ಲಿದ್ದವರು ತಲೆಯಾಡಿಸಿದರು. ಯಾರೋ ಒಬ್ಬರು, ಹೆಂಡತೀನ ನೋಡ್ಕಂಡಿದ್ದೂ ಹಂಗೇ, ಹೆತ್ತ ಮಕ್ಳೂ ಹಂಗ್ ನೋಡಲ್ಲ ಎಂದರು. ಅಷ್ಟರಲ್ಲಿ ಎತ್ತುವ ಹೊತ್ತಾಯಿತೆಂದು ಕರೆದರು.

*

ಆಗ ರಾಮಲಿಂಗಯ್ಯನಿಗಿನ್ನೂ ಮೀಸೆ ದಟ್ಟವಾಗಿರಲಿಲ್ಲ. ಉಯ್ಯಂಬಳ್ಳಿಯಲ್ಲಿ ಬಾಡಿಗೆ ಮನೆ. ಕೆಂಚಮ್ಮ ತವರಿನಲ್ಲಿ ಹೆತ್ತು, ಬಾಣಂತನ ಮುಗಿಸಿ, ಹೆಣ್ಣು ಮಗುವನ್ನು ಎತ್ತಿಕೊಂಡು ಬಂದಿದ್ದಳು. ಮಗುವಿಗೆ ತಾಯಿಯ ಮೂಗು, ಅವನ ಕಿವಿ. ಕೆಲಸ ಮುಗಿಸಿ ಬಂದರೆ ಅವನು ಕೈ ತೊಳೆಯುವ ಮೊದಲೇ ತೊಟ್ಟಿಲಿಗೆ ಬಗ್ಗುತ್ತಿದ್ದ.

ಮನೆಯೆದುರಿನ ಕಂಬದಲ್ಲಿ ಕಾಗೆ ಗೂಡು ಕಟ್ಟಿತ್ತು. ಒಂದು ಸಂಜೆ ಗುಡುಗಿ ಎರಡು ಹನಿ ಉದುರಿದ್ದೇ ಊರಿನ ಪಂಪು ನಿಂತಿತು. ಬೆಳಗಾಗುವುದರಲ್ಲಿ ಕೊಡ ಹಿಡಿದ ಹೆಂಗಸರು ಅವನ ಬಾಗಿಲಿಗೆ ಬಂದರು. ಅವನು ಲೈನ್ ಆಫ್ ಮಾಡಿಸಿ, ಕೊಕ್ಕೆ ಕಟ್ಟಿದ ಗಳ ತಂದು ನಿಂತ. ಕೆಂಚಮ್ಮ ಮಗುವನ್ನು ಎದೆಗವಚಿಕೊಂಡು ಹೊಸಿಲ ಮೇಲಿದ್ದಳು.

"ಮರಿ ಅವೇನೋ ಒಸಿ ನೋಡಿ" ಎಂದಳು.

"ಕೆಳಗಿಂದ ಹೆಂಗ್ ಕಾಣ್ತದೆ? ಮಗೀಗೆ ಧೂಳು ಬೀಳ್ತದೆ, ಒಳೀಕ್ ಹೋಗು."

ಅವಳು ಒಳಗೆ ಹೋಗಲಿಲ್ಲ. ಅವನು ಕೊಕ್ಕೆ ಸಿಕ್ಕಿಸಿ ಜಗ್ಗಿದ. ಗೂಡು ಕಡ್ಡಿ ಕಡ್ಡಿಯಾಗಿ ಉದುರಿತು. ಇನ್ನೂ ರೆಕ್ಕೆ ಬಲಿಯದ ಎರಡು ಮರಿಗಳು ಅವಳ ಕಾಲಿನ ಮುಂದಿನ ಚಪ್ಪಡಿಯ ಮೇಲೆ ಬಿದ್ದವು. ಒಂದು ಸ್ವಲ್ಪ ಹೊತ್ತು ಬಾಯಿ ತೆರೆಯಿತು. ಹೆಂಗಸರು ಕೊಡ ಹಿಡಿದುಕೊಂಡು ನಲ್ಲಿಯ ಕಡೆ ಓಡಿದರು. ಅವನಿಗೂ ಬೇರೆ ಕಂಬವಿತ್ತು, ಹೊರಟ. ಹಿಂತಿರುಗಿ ಬಂದಾಗ ಚಪ್ಪಡಿ ತೊಳೆದಿತ್ತು. ಗಿಡದ ಬುಡದಲ್ಲಿ ಮಣ್ಣು ಹೊಸದಾಗಿ ಕೆದರಿತ್ತು.

ವಾರ ಕಳೆಯುವುದರಲ್ಲಿ ಮಗುವಿಗೆ ಜ್ವರ ಬಂತು. ಕನಕಪುರದ ಬಸ್ಸು ಹತ್ತಿದರು. ಬಸ್ಸು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಕೆಂಚಮ್ಮ ಮಗುವಿನ ಮುಖಕ್ಕೆ ಸೆರಗು ಮುಚ್ಚಿ, "ಇನ್ನ್ಯಾಕೆ ಹೋಗೋದು, ಇಳೀಯನ" ಎಂದಳು.

ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ. ಊರವರು ಏನೇನೋ ಆಡಿಕೊಂಡರು. ಅವನ ತಾಯಿ ಹರಕೆ ಹೊತ್ತಳು. ಕೆಂಚಮ್ಮ ಮಾತ್ರ ಆ ವಿಷಯಕ್ಕೆ ಒಂದು ಮಾತೂ ಆಡಲಿಲ್ಲ. ಆಡದೆ ಇರುವುದೇ ಅವಳ ದೊಡ್ಡ ಗುಣ ಎಂದು ಅವನು ಇಷ್ಟು ವರ್ಷ ನಂಬಿದ್ದ.

*

ಹೊಲದ ಬದುವಿನಲ್ಲಿ ಗುಂಡಿ ತೆಗೆದಿದ್ದರು. ರಾಮಲಿಂಗಯ್ಯ ಮೊದಲ ಹಿಡಿ ಮಣ್ಣು ಹಾಕಿದ. ಹಸಿರು ಸೀರೆಯ ಮೇಲೆ ಮಣ್ಣು ಬಿದ್ದು ಚದುರಿತು. ಎರಡನೆಯ ಹಿಡಿಗೆ ಮೈ ಬಗ್ಗಲಿಲ್ಲ. ನಾಗರಾಜು ಅವನ ರಟ್ಟೆ ಹಿಡಿದು ಬಗ್ಗಿಸಿದ.

"ಮುತ್ತೈದೆಯಾಗಿ ಹೋದ್ಲು. ಪುಣ್ಯವಂತೆ" ಎಂದಳು ದೂರದಲ್ಲಿ ನಿಂತಿದ್ದ ವರಲಕ್ಷ್ಮಮ್ಮ. "ಅರಿಶಿನ ಕುಂಕುಮ, ತಲೆ ತುಂಬ ಹೂವ. ಅಂಥ ಗಂಡ. ಇನ್ನೇನ್ ಬೇಕು ಹೆಣ್ಣಿಗೆ?"

ಗುದ್ದಲಿಗಳು ಮಣ್ಣು ಎಳೆಯತೊಡಗಿದವು. ರಾಮಲಿಂಗಯ್ಯ ತನ್ನ ಎರಡೂ ಕೈಗಳನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತ.

*

ಕಳೆದ ತಿಂಗಳ ಒಂದು ಮಧ್ಯಾಹ್ನ. ಕೆಂಚಮ್ಮ ಕಟ್ಟೆಯ ಮೇಲೆ ಕೂತು ಸೀರೆಯ ಎಳೆ ಬಿಡಿಸುತ್ತಿದ್ದಳು. ಅವನು ಲೋಟದಲ್ಲಿ ಅಂಬಲಿ ಹಿಡಿದು ಹಿತ್ತಿಲಿಗೆ ಬಂದ. ಕಾಗೆಗಳು ಭರ್ರೆಂದು ಎದ್ದವು. ಅವಳು ಬೆಚ್ಚಿ ಮುದುರಿಕೊಂಡಳು.

"ಯಾಕೆ ಕೆಂಚೂ? ನಾನೇ ಕಣೆ."

ಅವಳು ಅವನ ಮುಖವನ್ನು ಹುಡುಕಿ ನೋಡಿದಳು. ಗುರುತು ಹತ್ತಲಿಲ್ಲ. ಒಳ್ಳೆಯ ಮನುಷ್ಯನ ಹಾಗೆ ಕಂಡಿರಬೇಕು, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಕೇಳಿದಳು:

"ಅವ್ನು ಒಳಗವ್ನಾ?"

"ಯಾರು?"

"ಅವ್ನೇ. ಗೂಡು ಕೀಳೋನು."

ಅವನು ಲೋಟವನ್ನು ಕಟ್ಟೆಯ ಮೇಲಿಟ್ಟ.

"ಅವ್ನು ಬಂದ್ರೆ ಇವ್ನೆಲ್ಲ ಕಿತ್ತಾಕ್ಬುಡ್ತಾನೆ. ನನ್ ಮಗೀನ ನುಂಗ್ಕಂಡೋನು ಅವ್ನೇ ಕಣ್ರಪ್ಪ. ಮರಿ ಅವೇನೋ ನೋಡು ಅಂದೆ. ನೋಡ್ಲಿಲ್ಲ. ಆ ಪಾಪ ನನ್ ಮಗೀಗ್ ತಟ್ತು." ಅವಳು ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಅವ್ನ್ ತಾವ ಯಾವತ್ತೂ ಅಂದಿಲ್ಲ. ಅಂದು ಏನ್ ಮಾಡೋದು, ಅವ್ನ್ ಮನೇಲೇ ಇರ್ಬೇಕಲ್ಲ. ನೀವೂ ಹೇಳ್ಬೇಡಿ ಯಜಮಾನ್ರೇ. ಹೇಳಲ್ಲ ತಾನೇ?"

"ಹೇಳಲ್ಲ" ಎಂದ ರಾಮಲಿಂಗಯ್ಯ.

ಅವಳಿಗೆ ಸಮಾಧಾನವಾಯಿತು. ಲೋಟ ತೆಗೆದುಕೊಂಡು ಅಂಬಲಿ ಕುಡಿದಳು. ಬಾಯಿ ಒರೆಸಿಕೊಂಡು, "ನಿಮ್ಗೆ ಮಕ್ಳು ಎಷ್ಟು?" ಎಂದು ವಿಚಾರಿಸಿದಳು.

ಆಮೇಲೆ ಅವನು ಎಷ್ಟೋ ಸಲ ಅವಳ ಪಕ್ಕ ಕೂತ. ನಾನೇ ಅವನು ಎಂದು ಹೇಳಬೇಕೆನಿಸುತ್ತಿತ್ತು. ಹೇಳಿದರೆ ಅಂಬಲಿ ಕುಡಿಸುವವನೂ ಅವಳ ಪಾಲಿಗೆ ಇಲ್ಲವಾಗುತ್ತಿದ್ದ. ತಪ್ಪಾಯಿತು ಎನ್ನಲೂ, ಹಾಗಲ್ಲ ಎನ್ನಲೂ ಕೇಳುವವಳು ಅಲ್ಲಿರಲಿಲ್ಲ.

*

ಮಣ್ಣು ಮುಗಿಸಿ ಎಲ್ಲರೂ ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಕೊನೆಗೆ ಇಬ್ಬರೇ ಉಳಿದರು. ನಾಗರಾಜುವಿನ ಸಿಟ್ಟು ಇಳಿದಿತ್ತು.

"ಸೀರೆ ವಿಚಾರ ಮನಸಿಗ್ ಹಚ್ಕಬ್ಯಾಡ ಭಾವ. ಆ ವರಲಕ್ಷ್ಮಮ್ಮ ಎಲ್ಲ ಹೇಳುದ್ರು. ಅಕ್ಕನ್ ಖುಷಿಗೆ ಕೊಟ್ಟೆ, ಅಷ್ಟೇ ತಾನೇ."

ರಾಮಲಿಂಗಯ್ಯ ನೀರಿನಲ್ಲಿ ಕೈ ಇಟ್ಟುಕೊಂಡೇ ನಿಂತಿದ್ದ. "ನಾಗರಾಜು, ಒಂದ್ ಕೇಳ್ತೀನಿ. ಮಗು ಹೋದ್ಮೇಲೆ ನಿಮ್ಮಕ್ಕ ನಿಮ್ಮನೇಲಿ ಬಾಳ ದಿನ ಇದ್ಲಲ್ಲ. ಆಗ ನನ್ ವಿಚಾರ ಏನಾರ ಅಂದಿದ್ಲಾ?"

"ಈಗ್ಯಾಕ್ ಭಾವ ಅದೆಲ್ಲ?"

"ಹೇಳು."

ನಾಗರಾಜು ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿದ ಮೇಲೂ ಒರೆಸುತ್ತಲೇ ಇದ್ದ.

"ವಾಪಸ್ ಹೋಗಲ್ಲ ಅಂದಿದ್ಲು. ನಾನಾಗ ಹೈಸ್ಕೂಲು, ಹಜಾರ್ದಲ್ಲಿ ಓದ್ಕತಾ ಕೂತಿದ್ದೆ. ಆ ಮನುಷ್ಯನ ಕೈ ನೋಡುದ್ರೆ ಭಯ ಆಯ್ತದೆ, ಆ ಕೈಯಿಂದ ಒಂದ್ ಲೋಟ ನೀರು ಇಸ್ಕೊಳ್ಳಕ್ಕೂ ಆಗಲ್ಲ ಅಂತ ಅವ್ವನ್ ತಾವ ಅತ್ಲು. ಅಪ್ಪ ಬೈದು, ಅವ್ನೇ ಬಸ್ ಹತ್ತುಸ್ಕಂಡು ಬಂದು ಬುಟ್ಟೋದ. ಆಮ್ಯಾಲೆ ಯಾವತ್ತೂ ಆ ಮಾತು ಎತ್ಲಿಲ್ಲ ಭಾವ. ಹಬ್ಬಕ್ ಬಂದ್ರೂ ನಿನ್ ಬಗ್ಗೆ ಒಳ್ಳೇದೇ ಹೇಳೋಳು. ಸರಿ ಹೋಯ್ತು ಅಂದ್ಕಂಡ್ವಿ."

ರಾಮಲಿಂಗಯ್ಯನಿಗೆ ಆ ದಿನ ನೆನಪಿತ್ತು. ಮಾವನ ಹಿಂದೆ ಬಸ್ಸಿಳಿದು ತಲೆ ತಗ್ಗಿಸಿ ನಡೆದು ಬಂದಿದ್ದಳು. ತನ್ನನ್ನು ನೋಡಿ ನಾಚಿಕೊಂಡಿದ್ದಾಳೆ ಎಂದುಕೊಂಡಿದ್ದ. ಅಂದಿನಿಂದ ಊಟದ ತಟ್ಟೆಯನ್ನು ಅವನ ಕೈಗೆ ಕೊಡದೆ, ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ದೊಡ್ಡ ಮನೆತನದ ಮರ್ಯಾದೆ ಅದು ಎಂದು ಗೆಳೆಯರ ಮುಂದೆ ಹೇಳಿಕೊಂಡಿದ್ದ. ಎಚ್ಚರವಿದ್ದಷ್ಟು ಕಾಲ ಅವಳು ಅವನಿಗೆ ಮುಟ್ಟಗೊಡದೆ ಉಳಿಸಿಕೊಂಡ ಮೈಯನ್ನು ಈ ಎರಡು ವರ್ಷ ಅವನ ಕೈಗಳು ತೊಳೆದಿದ್ದವು, ತಲೆ ಬಾಚಿದ್ದವು, ತುತ್ತು ಮಾಡಿ ಬಾಯಿಗೆ ಇಟ್ಟಿದ್ದವು.

"ಸರಿ ಹೋಗಿತ್ತು ತಾನೇ ಭಾವ?" ಎಂದು ಕೇಳಿದ ನಾಗರಾಜು.

"ಹೂಂ" ಎಂದ ರಾಮಲಿಂಗಯ್ಯ. "ಸರಿ ಹೋಗಿತ್ತು."

ಮನೆಗೆ ಬಂದು, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಬಂದವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಸಾವಿನ ಮನೆಯಿಂದ ಹೊರಡುವವರು ಬರುತ್ತೇನೆ ಎನ್ನುವಂತಿಲ್ಲ. ಪೀರ್ ಸಾಬ್ ಭುಜ ಮುಟ್ಟಿ ಹೋದರು. ಲತಾಮಣಿ ಕಣ್ಣೊರೆಸಿಕೊಂಡು ಕಾರು ಹತ್ತಿದಳು. ಮೂರನೆಯ ದಿನದ ಹಾಲು ತುಪ್ಪಕ್ಕೆ ಬರುವವನಾದರೂ ನಾಗರಾಜು ಬಾಯಿ ಬಿಡದೆ ಗೇಟು ಎಳೆದುಕೊಂಡು ಹೋದ. ವರಲಕ್ಷ್ಮಮ್ಮ ಮುದ್ದೆ ಸಾರು ತಂದಿಟ್ಟು, "ಒಸಿ ಆದ್ರೂ ಉಣ್ಣು ರಾಮಲಿಂಗಣ್ಣ" ಎಂದು ಹೇಳಿ ಹೋದಳು.

ಅವನು ಉಣ್ಣಲಿಲ್ಲ. ಹಿತ್ತಿಲಿಗೆ ಹೋಗಿ ಕಟ್ಟೆಯ ಮೇಲೆ ಕೂತ.

ಬಿಸಿಲು ಇನ್ನೂ ಇತ್ತು. ಗೋಡೆಯುದ್ದಕ್ಕೂ ಕಾಗೆಗಳು ಬಂದು ಕೂತವು. ಕೆಲವು ಕೊಕ್ಕಿನಲ್ಲಿ ಎಲ್ಲಿಂದಲೋ ತಂದ ಕಡ್ಡಿ ಹಿಡಿದಿದ್ದವು. ಕೆಳಗೆ ಬೇಕಾದಷ್ಟು ಕಡ್ಡಿಯಿತ್ತು, ನಾರಿತ್ತು. ಯಾವುದೂ ಇಳಿಯಲಿಲ್ಲ. ಕತ್ತು ಓರೆ ಮಾಡಿ ಅವನನ್ನೇ ನೋಡುತ್ತಿದ್ದವು. ಅವನು ಕೈಗಳನ್ನು ಪಂಚೆಯ ಒಳಗೆ ಸೇರಿಸಿಕೊಂಡು, ಅಲುಗದೆ ಕೂತ. ಆದರೂ ಇಳಿಯಲಿಲ್ಲ. ನೆರಳು ಕಟ್ಟೆಯಿಂದ ಗೋಡೆಯವರೆಗೆ ಹರಿಯಿತು.

ಕೊನೆಗೆ ಎದ್ದ. ಮಂಡಿ ಹಿಡಿದುಕೊಂಡು ಒಳಗೆ ನಡೆದು, ಹಿತ್ತಿಲ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ. ಕತ್ತಲಲ್ಲಿ ಹಲಗೆಗೆ ಹಣೆ ಒತ್ತಿ ನಿಂತ. ಆಚೆ ಒಂದು ಕಾಗೆ ನೆಲಕ್ಕೆ ಇಳಿದ ಸದ್ದಾಯಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ.